ಕಬ್ಬಿನ ಹಿಪ್ಪೆಯ ಸಸಿಮಡಿ

ಮುಂಬಯಿಯ ತಾರಸಿಯಲ್ಲಿ ತರಕಾರಿ ಬೆಳೆಯಹೊರಟವರಿಗೆ ಮೊದಲು ತೊಡಕಾಗುವುದು ಮಣ್ಣೇ. ಒಂದು ಘನ ಮೀಟರ್ ಒದ್ದೆ ಮಣ್ಣು ಒಂದೂವರೆ ಟನ್ನಿಗೂ ಮಿಕ್ಕಿ ತೂಗುತ್ತದೆ. ಹಳೆಯ ಕಟ್ಟಡಗಳು ಆ ಭಾರ ತಾಳುವುದು ಕಷ್ಟ. ಅದೇ ನಗರದ ಕಬ್ಬಿನ ಹಾಲಿನ ಅಂಗಡಿಗಳಲ್ಲಿ ಗಾಣದಿಂದ ಹೊರಬಿದ್ದ ಹಗುರ ಹಿಪ್ಪೆ ಕಸವಾಗಿ ಹೋಗುತ್ತದೆ. ಈ ಕೊರತೆಗೂ ಆ ಕಸಕ್ಕೂ ನಂಟು ಕಲ್ಪಿಸಿದವರು ಡಾ. ಆರ್.ಟಿ. ದೋಶಿ. ಚೀಲ, ಡ್ರಮ್ಮುಗಳಿಗೆ ಹಿಪ್ಪೆ ತುಂಬಿ, ಜತೆಗೆ ಒಂದಿಷ್ಟು ಮಣ್ಣು, ಗೊಬ್ಬರ ಹಾಕಿ ಬೆಳೆ ತೆಗೆಯುವ ವಿಧಾನವನ್ನು ಅವರು ಮುಂಬಯಿಯಲ್ಲಿ ಬಳಕೆಗೆ ತಂದರು. ಮುಂಬಯಿ ಪೋರ್ಟ್ ಟ್ರಸ್ಟ್‌ನ ಕೇಂದ್ರ ಅಡುಗೆಮನೆಯ ತಾರಸಿಯ ಮೇಲೆ 2002ರಲ್ಲಿ ಪ್ರೀತಿ ಪಾಟೀಲ್ ಶುರುಮಾಡಿದ ಸುಮಾರು 3,000 ಚದರಡಿಯ ತೋಟಕ್ಕೂ ಪ್ರೇರಣೆ ಅವರದೇ.

ಬಲಿತ ಗಿಡ ಅರೆಗಳಿತ ಹಿಪ್ಪೆಯಲ್ಲೂ ಹೇಗೋ ಬೇರು ಇಳಿಸೀತು. ಎಳೆ ಸಸಿಯ ಮಾತು ಬೇರೆ. ಬೀಜ ಮೊದಲ ಕೆಲವು ದಿನಗಳ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ; ಆಗ ಅದು ಕೇಳುವುದು ಒಂದೇ ಹದದ ತೇವ, ಬೇರಿಗೆ ಗಾಳಿ, ರೋಗವಿಲ್ಲದ ನೆಲೆ. ಚೆನ್ನಾಗಿ ಕಳಿತು ಜರಡಿ ಹಿಡಿದ ಗೊಬ್ಬರ ಈ ಮೂರನ್ನೂ ಕೊಡಬಲ್ಲದು. ಹಸಿ ಹಿಪ್ಪೆ ಕೊಡಲಾರದು. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೆ ಸಮೀಪ ಅಥವಾ ಇನ್ನೂ ಹೆಚ್ಚು ಪಾಲು ಇಂಗಾಲ ಇರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸುತ್ತಲ ಸಾರಜನಕವನ್ನೆಲ್ಲ ತಾವೇ ಹೀರಿಕೊಳ್ಳುವುದರಿಂದ ಸಸಿ ಹಳದಿಗಟ್ಟಿ ನಿಲ್ಲುತ್ತದೆ. ಸೆಗಣಿ, ಹಸಿರೆಲೆ ಬೆರೆಸಿ, ಆಗಾಗ ಮಗುಚಿ, ಈ ಅನುಪಾತ 20ರ ಆಸುಪಾಸಿಗೆ ಇಳಿಯುವವರೆಗೆ ಕಾಯಬೇಕು. ಹಾಗಾಗಿ ಸಸಿಮಡಿಯ ಮಟ್ಟಿಗೆ ಯಾವ ಕಸ ಎಂಬುದಕ್ಕಿಂತ ಎಷ್ಟು ಕಳಿತಿದೆ ಎಂಬುದೇ ಮುಖ್ಯ.

ಕಸದ ಗೊಬ್ಬರದಿಂದ ರೋಗ ಬಂದೀತು ಎಂಬ ಅಂಜಿಕೆ ಸಹಜ. ಆದರೆ ರಾಶಿಯ ಒಡಲು ಕೆಲವು ದಿನ 55 ಡಿಗ್ರಿ ಸೆಲ್ಸಿಯಸ್ ಮೀರಿ ಕಾದರೆ ಬಹುಪಾಲು ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಹೊರಮೈಯೂ ಒಳಗೆ ಬಂದು ಕಾಯಲೆಂದೇ ಮಗುಚುವುದು. ಅಮೆರಿಕದ ಓಹಾಯೋದಲ್ಲಿ ಹ್ಯಾರಿ ಹಾಯ್ಟಿಂಕ್ ನಡೆಸಿದ ಸಂಶೋಧನೆಗಳಂತೂ, ಕಳಿತ ತೊಗಟೆ ಗೊಬ್ಬರದಲ್ಲಿ ನೆಲೆಸುವ ಜೀವಿಗಳು ಎಳೆ ಸಸಿಯ ಬುಡ ಕೊಳೆಸುವ ಪಿಥಿಯಮ್ಮನ್ನು ಹತ್ತಿಕ್ಕುತ್ತವೆ ಎಂದು ತೋರಿಸಿವೆ. ಅಂಗಡಿಯ ಕೋಕೋಪೀಟ್ ಇರುವಾಗ ಈ ಪಾಡೇಕೆ ಎನ್ನಬಹುದು. ಕೋಕೋಪೀಟ್ ಕೂಡ ತೆಂಗಿನ ನಾರು ತೆಗೆದ ಮೇಲೆ ಉಳಿದ ಕೃಷಿ ತ್ಯಾಜ್ಯವೇ. ಅದನ್ನೂ ಕಳಿಯಲು ಬಿಟ್ಟು ಬಳಸುವುದೇ ಮೇಲೆಂದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕ ಫರ್ಮೆಂಟೆಡ್ ಕೋಕೋಪೀಟ್’ ರೂಪಿಸಿತು. ಬರಿಯ ಗೊಬ್ಬರದಲ್ಲಿ ಉಪ್ಪಿನಂಶ ಹೆಚ್ಚಿರಬಹುದು ಎಂಬ ಆಕ್ಷೇಪ ಮಾತ್ರ ನಿಜ. ಅಡುಗೆಮನೆಯ ಕಸ ಸೇರಿದ್ದರೆ ಇನ್ನೂ ನಿಜ. ಅದಕ್ಕೆ ಗೊಬ್ಬರವನ್ನು ನೀರಿನಲ್ಲಿ ತೊಳೆದು, ಅರ್ಧದಷ್ಟು ಕೋಕೋಪೀಟ್ ಬೆರೆಸಿದರೆ ಸಾಕು.

ಕಳಿತಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಡ. ತೇವದ ಗೊಬ್ಬರವನ್ನು ಚೀಲದಲ್ಲಿ ಮೂರು ದಿನ ಬಿಗಿದಿಟ್ಟು ಬಿಚ್ಚಿ: ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು, ಘಾಟಿರಬಾರದು. ಬಳಿಕ ಹತ್ತು ಮೂಲಂಗಿ ಬೀಜ ಹಾಕಿ ನೋಡಿ. ಎಂಟೊಂಬತ್ತು ಹುಟ್ಟಿ ಹಸಿರಾಗಿ ನಿಂತರೆ, ಬದನೆ, ಟೊಮೆಟೊ ಬೀಜಗಳನ್ನು ಧೈರ್ಯವಾಗಿ ಅದಕ್ಕೊಪ್ಪಿಸಿ.