ಹೋಸ್ ತೊಳೆದಾಯಿತು, ಹಿಡಿದವರ ಕಥೆ?

ಬೆಂಕಿ ಆರಿಸಿ ಬಂದ ಗಾಡಿ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ನಿಂತ ಮೇಲೆ ನಡೆಯುವ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಹೋಸ್‌ಗಳನ್ನು ನೆಲದ ಮೇಲೆ ಉದ್ದಕ್ಕೆ ಬಿಚ್ಚಿ ಹಾಸುತ್ತಾರೆ. ಬ್ರಷ್ ಹಿಡಿದು ಮಸಿ, ಕೆಸರು ಉಜ್ಜಿ ತೊಳೆಯುತ್ತಾರೆ. ನೀರು ಬಸಿಯಲೆಂದು ಎತ್ತರಕ್ಕೆ ನೇತುಹಾಕುತ್ತಾರೆ. ಒಣಗಿದ ಮೇಲೆ ಸುರುಳಿ ಸುತ್ತಿ ಮತ್ತೆ ಗಾಡಿಗೆ. ಪಂಪು ಎಷ್ಟು ಹೊತ್ತು ಓಡಿತು, ಡೀಸೆಲ್ ಎಷ್ಟು ಹೋಯಿತು, ಯಾವ ಹೋಸ್ ತೂತಾಗಿದೆ ಎಂಬುದೆಲ್ಲ ಲಾಗ್‌ಬುಕ್‌ಗೆ ಹತ್ತುತ್ತದೆ. ಟ್ಯಾಂಕಿಗೆ ನೀರು ತುಂಬಿದರೆ ಗಾಡಿ ಮುಂದಿನ ಕರೆಗೆ ತಯಾರು.

ಆ ಹೋಸಿನ ತುದಿ ಹಿಡಿದು ಒಳಗೆ ನುಗ್ಗಿದ್ದವರು ಏನು ಮಾಡುತ್ತಾರೆ? ಮುಖಕ್ಕೆ ನೀರು ಚಿಮುಕಿಸಿಕೊಂಡು, ಮಸಿ ಮೆತ್ತಿದ ಕೋಟನ್ನು ಗೂಟಕ್ಕೆ ಸಿಗಿಸಿ, ಟೀ ಕುಡಿಯಲು ಕೂರುತ್ತಾರೆ. ಅವರು ಎಷ್ಟು ಹೊಗೆ ಕುಡಿದರು, ಎದೆಬಡಿತ ಎಲ್ಲಿಗೆ ಏರಿತ್ತು, ಕಂಡದ್ದರಲ್ಲಿ ಯಾವುದು ರಾತ್ರಿ ನಿದ್ದೆಗೆಡಿಸುತ್ತದೆ ಎಂಬುದನ್ನು ಬರೆದಿಡುವ ಪುಸ್ತಕ ಸಾಮಾನ್ಯವಾಗಿ ಯಾರ ಬಳಿಯೂ ಇರುವುದಿಲ್ಲ. ಈ ವೃತ್ತಿಯಲ್ಲಿ ಮೂವತ್ತು ವರ್ಷ ದುಡಿದು ಗಟ್ಟಿಯಾಗಿ ಹೊರಬರಬೇಕೆಂದರೆ ಗಾಡಿಗೆ ಮಾಡುವ ಆರೈಕೆಯನ್ನೇ ಮೈಗೂ ಮನಸ್ಸಿಗೂ ಮಾಡಿಕೊಳ್ಳಬೇಕು. ಅದು ಹೇಗೆ ಎಂಬುದನ್ನು ಸೇರುವ ದಿನದಿಂದ ನಿವೃತ್ತಿಯವರೆಗೆ ಒಂದೊಂದಾಗಿ ನೋಡೋಣ.

ಸೇರುವ ದಾರಿಗಳು

ಕರ್ನಾಟಕ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಗೃಹ ಇಲಾಖೆಯ ಅಡಿಯಲ್ಲಿದೆ. ಅದಕ್ಕೆ ಆಧಾರ 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ. ಫೈರ್‌ಮನ್ ಹುದ್ದೆಗೆ ಎಸ್ಸೆಸ್ಸೆಲ್ಸಿ, ನೇರವಾಗಿ ಠಾಣಾಧಿಕಾರಿಯಾಗಲು ವಿಜ್ಞಾನದ ಪದವಿ. ಲಿಖಿತ ಪರೀಕ್ಷೆಯ ಜತೆಗೆ ಓಟ, ಎತ್ತರ, ಎದೆಯಳತೆಯ ಪರೀಕ್ಷೆಗಳಿರುತ್ತವೆ. ವಯಸ್ಸು, ಅಳತೆಗಳ ವಿವರವನ್ನು ಆಯಾ ನೇಮಕಾತಿ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಚಾಲಕರು ಮತ್ತು ಚಾಲಕ ತಂತ್ರಜ್ಞರ ನೇಮಕಾತಿ ಬೇರೆ. ಆಯ್ಕೆಯಾದವರಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್.ಎ. ಮುಂಡ್ಕೂರು ಅಕಾಡೆಮಿ ಇಲಾಖೆಯ ತರಬೇತಿ ಶಾಲೆ.

ಇಲಾಖೆಯೊಂದೇ ದಾರಿಯಲ್ಲ. ನಾಗ್ಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ಫೈರ್ ಎಂಜಿನಿಯರಿಂಗ್ ಪದವಿಯೂ ಸಬ್ ಆಫೀಸರ್ ಕೋರ್ಸೂ ಇವೆ. ಅಲ್ಲಿ ಓದಿದ ಮೊದಲ ಮಹಿಳೆ ಹರ್ಷಿಣಿ ಕಾನ್ಹೇಕರ್ ಮುಂದೆ ಒಎನ್‌ಜಿಸಿಯ ಅಗ್ನಿಶಾಮಕ ವಿಭಾಗ ಸೇರಿದರು. ವಿಮಾನ ನಿಲ್ದಾಣ, ಬಂದರು, ತೈಲ ಸಂಸ್ಕರಣಾಗಾರಗಳಿಗೆ ತಮ್ಮದೇ ಅಗ್ನಿಶಾಮಕ ದಳಗಳಿವೆ. ಸಿಐಎಸ್‌ಎಫ್‌ನಲ್ಲಿಯೂ ಪ್ರತ್ಯೇಕ ವಿಭಾಗವಿದೆ.

ಸೇರಿದ ಮೇಲೆ ಗೊತ್ತಾಗುವ ಸಂಗತಿಯೆಂದರೆ, 101 ಅಥವಾ 112ಕ್ಕೆ ಬರುವ ಕರೆಗಳೆಲ್ಲ ಬೆಂಕಿಯವಲ್ಲ. ಬಾವಿಗೆ ಬಿದ್ದ ಹಸು, ಲಿಫ್ಟಿನಲ್ಲಿ ಸಿಕ್ಕಿಕೊಂಡ ಅಜ್ಜಿ, ಗಾಳಿಪಟದ ದಾರಕ್ಕೆ ರೆಕ್ಕೆ ಸಿಕ್ಕಿ ಮರದಲ್ಲಿ ನೇತಾಡುವ ಹದ್ದು, ಕೆರೆಯಲ್ಲಿ ಮುಳುಗಿದವರ ಹುಡುಕಾಟ, ಹೆದ್ದಾರಿಯಲ್ಲಿ ನಜ್ಜುಗುಜ್ಜಾದ ಕಾರು, ಎಲ್ಲವೂ ಇವರ ಪಾಲಿಗೆ.

1,800 ಲೀಟರ್ ಗಾಳಿಯ ಲೆಕ್ಕ

ಮನೆ, ಕಚೇರಿಗಳ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತಾಗ ಮೇಲಿನ ಮಹಡಿಗಳಿಗೆ ನುಗ್ಗಿದ್ದು ದಟ್ಟ ಹೊಗೆ. ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಇಂಥ ಕಡೆ ಒಳಗೆ ಹೋಗುವವರು ಬೆನ್ನಿಗೆ ಕಟ್ಟಿಕೊಳ್ಳುವುದೇ ‘ಬಿಎ ಸೆಟ್’, ಅಂದರೆ ಗಾಳಿಯ ಸಿಲಿಂಡರು ಮತ್ತು ಮಾಸ್ಕು.

ಸಿಲಿಂಡರಿನ ಗಾತ್ರ 6 ಲೀಟರ್, ಒಳಗಿನ ಒತ್ತಡ 300 ಬಾರ್ ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ ಸುಮಾರು 1,800 ಲೀಟರ್ ಗಾಳಿ. ಹೋಸ್ ಎಳೆಯುತ್ತ ದುಡಿಯುವವರು ನಿಮಿಷಕ್ಕೆ 40 ಲೀಟರ್ ಉಸಿರಾಡಿದರೆ 45 ನಿಮಿಷ ಸಿಕ್ಕಿತು. ದಮ್ಮು ಹತ್ತಿ 60 ಲೀಟರಿಗೆ ಏರಿದರೆ 30 ನಿಮಿಷ, 80 ಆದರೆ 22. ಒತ್ತಡ 55 ಬಾರ್ ಆಸುಪಾಸಿಗೆ ಇಳಿದಾಗ ಸಿಳ್ಳೆ ಕೂಗುತ್ತದೆ. ಆಗ ಉಳಿದಿರುವುದು ಸುಮಾರು 330 ಲೀಟರ್. ಏದುಸಿರು ಬಿಡುತ್ತಿರುವವರಿಗೆ ಅದು ಐದೂವರೆ ನಿಮಿಷ. ಆ ನಿಮಿಷಗಳು ಕೆಲಸ ಮುಗಿಸಲಿಕ್ಕಲ್ಲ, ಹೊರಗೆ ಬರಲಿಕ್ಕೆ.

ಬೆಳಗಿನ ಪರೇಡು, ಓಟ ಏಕೆ ಎಂದು ಕೇಳುವ ಹೊಸಬರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಸಿಲಿಂಡರು ಎಲ್ಲರಿಗೂ ಒಂದೇ ಅಳತೆಯದು. ದಮ್ಮಿರುವವರು ಅದರಲ್ಲಿ ಹೆಚ್ಚು ಹೊತ್ತು ಬದುಕುತ್ತಾರೆ. ಗಡ್ಡ ಬೇಡ ಎನ್ನುವುದೂ ಬರೀ ಶಿಸ್ತಿನ ಮಾತಲ್ಲ. ಕೂದಲ ಸಂದಿನಲ್ಲಿ ಮಾಸ್ಕಿನ ಅಂಚು ಚರ್ಮಕ್ಕೆ ಕೂರದೆ ಹೊಗೆ ಒಳಗೆ ನುಸುಳುತ್ತದೆ.

ಗಂಟೆ ಬಾರಿಸಿದಾಗ ಎದೆ

ನಿದ್ದೆಯಲ್ಲಿದ್ದವರು ಗಂಟೆ ಕೇಳಿ ಎದ್ದು ಗಾಡಿ ಹತ್ತುತ್ತಾರೆ. ಎದೆಬಡಿತ ಒಮ್ಮೆಗೇ ಮೇಲಕ್ಕೆ ಹೋಗುತ್ತದೆ. ಮೇಲೆ ದಪ್ಪ ಕೋಟು, ಬೆನ್ನಿಗೆ ಸಿಲಿಂಡರು, ಎದುರಿಗೆ ಬೆಂಕಿಯ ಝಳ. ಕೋಟಿನೊಳಗೆ ಬೆವರು ಆರುವುದಿಲ್ಲ, ಮೈ ಕಾಯುತ್ತದೆ. ನೀರಿನಂಶ ಕಳೆದು ರಕ್ತ ಮಂದವಾಗುತ್ತದೆ, ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ರಕ್ತನಾಳದಲ್ಲಿ ಮೊದಲೇ ಕೊಬ್ಬು ಕಟ್ಟಿದ್ದವರಿಗೆ ಇದೇ ಹೃದಯಾಘಾತದ ಹೊತ್ತು.

2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕೆಲಸದ ವೇಳೆ ಹೃದ್ರೋಗದಿಂದ ಸತ್ತ ಅಲ್ಲಿನ ಅಗ್ನಿಶಾಮಕರ ದಾಖಲೆಗಳನ್ನು ಪರಿಶೀಲಿಸಿತು. ಅವರ ವರ್ಷದ ಕೆಲಸದ ಹೊತ್ತಿನಲ್ಲಿ ಬೆಂಕಿ ಆರಿಸುವುದಕ್ಕೆ ಹೋಗುವುದು ಶೇ 1ರಿಂದ 5 ಮಾತ್ರ. ಆದರೆ ಹೃದ್ರೋಗದ ಸಾವುಗಳಲ್ಲಿ ಸುಮಾರು ಶೇ 32 ಆ ಸಣ್ಣ ಅವಧಿಗೆ ಸೇರಿದ್ದವು.

ಇದಕ್ಕೆ ಬೇಕಾದ ಆರೈಕೆ ದುಬಾರಿಯದಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ನಲವತ್ತು ದಾಟಿದವರು ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಬೀಡಿ ಸಿಗರೇಟು ಬಿಡಬೇಕು. ಹೊರಗೆ ಬಂದ ತಕ್ಷಣ ಕೋಟು ಬಿಚ್ಚಿ, ನೆರಳಿನಲ್ಲಿ ಕೂತು, ಬಕೆಟ್ ತಣ್ಣೀರಿನಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಹತ್ತಿಪ್ಪತ್ತು ನಿಮಿಷ ಇರಬೇಕು. ಮುಂಗೈಯ ರಕ್ತ ತಣ್ಣಗಾಗಿ ಮೈಯ ಕಾವು ಇಳಿಯುತ್ತದೆ. ಎದೆ ಬಿಗಿತ, ಎಡಗೈ ಸೆಳೆತ ಕಂಡರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸುಮ್ಮನಾಗದೆ ಆಸ್ಪತ್ರೆಗೆ ಹೋಗಬೇಕು.

ಮನೆಗೆ ಬರುವ ಮಸಿ

ಜ್ವಾಲೆ ಆರಿದ ಮೇಲೆ ಬೂದಿ ಕೆದಕಿ ಕೆಂಡ ಹುಡುಕುವ ಕೆಲಸವಿದೆ. ಕಣ್ಣಿಗೆ ಹೊಗೆ ಕಾಣುವುದಿಲ್ಲ, ಸೆಕೆ ತಡೆಯಲಾಗುವುದಿಲ್ಲ, ಮಾಸ್ಕು ತೆಗೆದುಬಿಡೋಣ ಅನಿಸುತ್ತದೆ. ಎಡವುವುದು ಇಲ್ಲೇ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಫೋಮ್ ಹಾಸಿಗೆ, ಸೋಫಾ ಸುಟ್ಟರೆ ಸಯನೈಡ್ ಅನಿಲ ಹೊರಡುತ್ತದೆ. ಮಸಿಯಲ್ಲಿ ಕ್ಯಾನ್ಸರ್‌ಕಾರಕಗಳಿವೆ. ಬೆಂಕಿಗೆ ಸಿಡಿದ ಹಳೆಯ ಸಿಮೆಂಟ್ ಶೀಟಿನ ಚೂರುಗಳಲ್ಲಿ ಕಲ್ನಾರಿನ ಎಳೆಗಳಿರುತ್ತವೆ. ಅವನ್ನು ಉಸಿರಿನೊಂದಿಗೆ ಒಳಗೆ ಎಳೆದುಕೊಂಡರೆ ಕಾಯಿಲೆ ಕಾಣಿಸುವುದು ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಒಂದನೇ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆನ್ನುವ ಪಟ್ಟಿಗೆ ಸೇರಿಸಿತು. ಶ್ವಾಸಕೋಶದ ಹೊದಿಕೆಗೆ ಬರುವ ಮೀಸೋಥೀಲಿಯೋಮಾ ಮತ್ತು ಮೂತ್ರಕೋಶದ ಕ್ಯಾನ್ಸರ್, ಈ ಎರಡಕ್ಕೆ ಸಾಕಷ್ಟು ಪುರಾವೆ ಸಿಕ್ಕಿದೆ.

ಮಸಿ ಮೂಗಿನಿಂದ ಮಾತ್ರವಲ್ಲ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಹಾಗಾಗಿ ಸ್ಥಳದಲ್ಲೇ ತೊಳೆಯುವುದು ಮುಖ್ಯ. ಅಮೆರಿಕದ ಪ್ರಯೋಗವೊಂದರಲ್ಲಿ ಸೋಪು ನೀರು ಹಾಕಿ ಬ್ರಷ್‌ನಿಂದ ಉಜ್ಜಿದಾಗ ಕೋಟಿನ ಮೇಲಿದ್ದ ಒಂದು ಬಗೆಯ ಕ್ಯಾನ್ಸರ್‌ಕಾರಕಗಳು ಸುಮಾರು ಶೇ 85ರಷ್ಟು ಇಳಿದವು. ಹೋಸಿಗೆ ಹಾಕುವ ನೀರು, ಬ್ರಷ್ಷೇ ಸಾಕು. ಪಾಲಿಸಬೇಕಾದ ಕ್ರಮ ಇಷ್ಟು:

• ಕೆಂಡ ಕೆದಕುವ ಕೆಲಸ ಮುಗಿಯುವವರೆಗೂ ಮಾಸ್ಕು ತೆಗೆಯಬೇಡಿ.
• ಗಾಡಿ ಹತ್ತುವ ಮೊದಲೇ ಕೋಟು, ಬೂಟುಗಳನ್ನು ಸೋಪು ನೀರಿನಿಂದ ಉಜ್ಜಿಸಿಕೊಳ್ಳಿ. ಕುತ್ತಿಗೆ, ಮುಖ, ಕೈಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಟೀ, ತಿಂಡಿ.
• ಕೊಳಕು ಕೋಟನ್ನು ಗಾಡಿಯ ಕ್ಯಾಬಿನ್ನಿನಲ್ಲಾಗಲಿ, ಮಲಗುವ ಕೋಣೆಯಲ್ಲಾಗಲಿ ಇಡಬೇಡಿ. ಚೀಲದಲ್ಲಿ ಕಟ್ಟಿ ಬೇರೆ ಇಡಿ.
• ಠಾಣೆಯಲ್ಲೇ ಸ್ನಾನ ಮಾಡಿ ಮನೆಗೆ ಹೋಗಿ. ಯೂನಿಫಾರಂ ಮಕ್ಕಳ ಬಟ್ಟೆಯ ಜತೆ ವಾಷಿಂಗ್ ಮೆಷಿನ್‌ಗೆ ಹೋಗಬಾರದು.

ಮಸಿ ಮೆತ್ತಿದ ಹೆಲ್ಮೆಟ್ಟು ಅನುಭವಸ್ಥನ ಗುರುತು ಎಂಬ ಹೆಮ್ಮೆ ಅನೇಕ ದೇಶಗಳ ಠಾಣೆಗಳಲ್ಲಿ ಇತ್ತು. ಈಗ ಅದು ಕರಗುತ್ತಿದೆ, ಕರಗಲಿ.

ಕಂಡದ್ದು ಕಣ್ಣಿಂದ ಹೋಗದಿದ್ದಾಗ

2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. ಅವಶೇಷಗಳಡಿ ಹುಡುಕಾಟ ದಿನಗಟ್ಟಲೆ ನಡೆಯಿತು. ಅಂಥ ಜಾಗದಲ್ಲಿ ಕಾಂಕ್ರೀಟ್ ಸರಿಸುವ ಕೈಗೆ ಬದುಕಿದವರೂ ಸಿಗುತ್ತಾರೆ, ಹೆಣಗಳೂ ಸಿಗುತ್ತವೆ. ದೊಡ್ಡ ದುರಂತವೇ ಆಗಬೇಕೆಂದಿಲ್ಲ. ತನ್ನ ಮಗಳ ವಯಸ್ಸಿನದೊಂದು ಮಗುವನ್ನು ಕೆರೆಯಿಂದ ಎತ್ತಿದ ದಿನ ಸಾಕು.

ಮೊದಲ ಕೆಲವು ದಿನ ನಿದ್ದೆ ಬಾರದಿರುವುದು, ವಾಸನೆ ಮೂಗಿನಲ್ಲೇ ಉಳಿದಂತಾಗುವುದು, ಊಟ ಸೇರದಿರುವುದು ಕಾಯಿಲೆಯಲ್ಲ. ಬಹುತೇಕರಿಗೆ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿದ ಮೇಲೂ ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಆ ರಸ್ತೆಯನ್ನೇ ತಪ್ಪಿಸಿ ಓಡಾಡುವುದು, ಮನೆಯವರ ಮೇಲೆ ರೇಗಾಟ, ಮಲಗಲು ಕುಡಿಯಲೇಬೇಕು ಎಂಬ ಸ್ಥಿತಿ ಇದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯಬೇಕೆನಿಸಿದರೆ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಠಾಣಾಧಿಕಾರಿ ಏನು ಮಾಡಬಹುದು? ಎಲ್ಲರನ್ನೂ ಸುತ್ತ ಕೂರಿಸಿ ‘ನಿನಗೆ ಏನನ್ನಿಸಿತು ಹೇಳು’ ಎಂದು ಒತ್ತಾಯಿಸುವುದು ಬೇಡ. ಘಟನೆಯ ಬೆನ್ನಿಗೇ ಹೀಗೆ ಒಮ್ಮೆ ಕೂರಿಸಿ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡುವುದಿಲ್ಲ. ಊಟ, ನಿದ್ದೆ, ರಜೆ ಸಿಗುವಂತೆ ನೋಡಿಕೊಂಡು, ನಾಲ್ಕು ದಿನ ಬಿಟ್ಟು ಪಕ್ಕಕ್ಕೆ ಕರೆದು, ‘ನಿದ್ದೆ ಬರ್ತಿದೆಯೇನಪ್ಪಾ?’ ಎಂದು ಕೇಳಿದರೆ ಬಾಯಿ ಬಿಡುವವರು ಬಿಡುತ್ತಾರೆ. ಹಾಗೆ ಬಾಯಿ ಬಿಟ್ಟವರನ್ನು ಮರುದಿನ ಯಾರೂ ಆಡಿಕೊಳ್ಳದಂತೆ ನೋಡಿಕೊಳ್ಳುವುದೂ ಅವರದೇ ಕೆಲಸ.

ಮನೆಯವರಿಗೆ ಎರಡು ಮಾತು

ಹಬ್ಬದ ದಿನ ಊರೆಲ್ಲ ರಜೆಯಲ್ಲಿರುವಾಗ ಇವರಿಗೆ ಕೆಲಸ ಹೆಚ್ಚು. ದೀಪಾವಳಿಯಂತೂ ಠಾಣೆಯಲ್ಲೇ. ಆದ್ದರಿಂದ ಮನೆಯ ಹಬ್ಬವನ್ನು ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳುವುದನ್ನು ಮಕ್ಕಳಿಗೆ ಮೊದಲಿನಿಂದಲೇ ರೂಢಿಸುವುದು ಒಳ್ಳೆಯದು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಕತ್ತಲಾದ ಕೋಣೆ, ಸುಮ್ಮನಿರುವ ಫೋನು, ನಾಲ್ಕು ಗಂಟೆ ನಿದ್ದೆ ಮೊದಲು ಸಿಗಲಿ. ಮನೆಯ ಲೆಕ್ಕ, ಜಗಳ ಆಮೇಲೆ. ಬೆಂಕಿಯ ಸುದ್ದಿ ಟಿವಿಯಲ್ಲಿ ಬಂದಾಗ ಫೋನ್ ಮೇಲೆ ಫೋನ್ ಮಾಡಬೇಡಿ. ‘ಹೊರಗೆ ಬಂದ ಮೇಲೆ ಒಂದು ಮಿಸ್ಡ್ ಕಾಲ್’ ಎಂಬ ಒಪ್ಪಂದವಿದ್ದರೆ ಇಬ್ಬರಿಗೂ ನೆಮ್ಮದಿ.

ವಿಮೆಯ ಕಾಗದ, ನಾಮಿನಿ ಹೆಸರು, ಬ್ಯಾಂಕ್ ಖಾತೆ ಎಲ್ಲಿವೆಯೆಂದು ಇಬ್ಬರಿಗೂ ಗೊತ್ತಿರಲಿ. ಅಪಶಕುನವೆಂದು ತಳ್ಳಿಹಾಕುವ ಮಾತಲ್ಲ ಇದು.

ಅರವತ್ತರ ನಂತರ

ಸರ್ಕಾರಿ ನೌಕರಿ ಅರವತ್ತಕ್ಕೆ ಮುಗಿಯುತ್ತದೆ. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರು ಸಾಮಾನ್ಯವಾಗಿ ಎನ್‌ಪಿಎಸ್ ವ್ಯವಸ್ಥೆಗೆ ಸೇರುವುದರಿಂದ ಉಳಿತಾಯದ ಲೆಕ್ಕವನ್ನು ಬೇಗ ಹಾಕಿಕೊಳ್ಳಬೇಕು. ಆಸ್ಪತ್ರೆ, ಮಾಲ್, ಕಾರ್ಖಾನೆ, ಐಟಿ ಪಾರ್ಕ್‌ಗಳಲ್ಲಿ ಅಗ್ನಿ ಸುರಕ್ಷತೆ ನೋಡಿಕೊಳ್ಳುವವರು, ತರಬೇತಿ ಕೊಡುವವರು ಬೇಕು. ಅಲ್ಲಿ ಅನುಭವದ ಜತೆ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಸೇವೆಯಲ್ಲಿದ್ದಾಗಲೇ ಡಿಪ್ಲೊಮಾ ಮುಗಿಸಿ, ಕಂಪ್ಯೂಟರಿನಲ್ಲಿ ವರದಿ ಬರೆಯಲು ಕಲಿತವರಿಗೆ ಬಾಗಿಲು ಬೇಗ ತೆರೆಯುತ್ತದೆ.

ಗಂಟೆಯ ಸದ್ದಿಲ್ಲದ ಮನೆ ಮೊದಲ ಆರು ತಿಂಗಳು ಅನೇಕರಿಗೆ ಒಗ್ಗುವುದಿಲ್ಲ. ತೋಟ, ಭಜನೆ, ಊರಿನ ಶಾಲೆಯಲ್ಲಿ ಗ್ಯಾಸ್ ಸಿಲಿಂಡರ್ ಸುರಕ್ಷತೆಯ ಪಾಠ, ಹೀಗೆ ವಾರಕ್ಕೆರಡು ದಿನದ ಹೊಣೆಯೊಂದನ್ನು ನಿವೃತ್ತಿಗೆ ಮುಂಚೆಯೇ ಹುಡುಕಿಕೊಳ್ಳಬೇಕು. ಮೂತ್ರದಲ್ಲಿ ರಕ್ತ, ಬಿಡದ ಕೆಮ್ಮು, ಏದುಸಿರು ಕಂಡರೆ ವೈದ್ಯರ ಬಳಿ ಹೋಗಿ, ‘ನಾನು ಅಗ್ನಿಶಾಮಕದಲ್ಲಿದ್ದೆ’ ಎಂದು ತಾವಾಗಿ ಹೇಳಬೇಕು. ಎಲ್ಲ ವೈದ್ಯರೂ ಹಳೆಯ ಉದ್ಯೋಗವನ್ನು ಕೇಳುವುದಿಲ್ಲ.

ಇನ್ನೂರು ಪುಟದ ನೋಟ್‌ಬುಕ್

1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ದೇಶದ ಎಲ್ಲ ಠಾಣೆಗಳೂ ಪ್ರತಿವರ್ಷ ಆ ದಿನ ತಲೆಬಾಗುತ್ತವೆ, ವಾರವಿಡೀ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಹೊಗೆ ಕುಡಿದು ಇಪ್ಪತ್ತು ವರ್ಷದ ಮೇಲೆ ಹಾಸಿಗೆ ಹಿಡಿಯುವವರು ಅಂಥ ಯಾವ ಪಟ್ಟಿಗೂ ಸೇರುವುದಿಲ್ಲ, ಏಕೆಂದರೆ ಅವರು ಯಾವ ಬೆಂಕಿಯಲ್ಲಿ ಎಷ್ಟು ಹೊತ್ತಿದ್ದರು ಎಂಬುದಕ್ಕೆ ದಾಖಲೆಯಿಲ್ಲ.

ಆ ದಾಖಲೆಯನ್ನು ಇಂದೇ ಶುರುಮಾಡಬಹುದು. ಇನ್ನೂರು ಪುಟದ ನೋಟ್‌ಬುಕ್ ಒಂದು ಸಾಕು. ಪ್ರತಿ ಕರೆಗೆ ಒಂದು ಸಾಲು: ದಿನಾಂಕ, ಜಾಗ, ಸುಟ್ಟದ್ದೇನು, ಒಳಗೆ ಎಷ್ಟು ನಿಮಿಷ, ಮಾಸ್ಕು ಇತ್ತೇ, ತೊಳೆದುಕೊಂಡದ್ದು ಎಲ್ಲಿ, ಮೈಗೆ ಏನಾದರೂ ಆಯಿತೇ, ಆ ರಾತ್ರಿ ನಿದ್ದೆ ಹೇಗಿತ್ತು. ಕೊನೆಯ ಪುಟಗಳಲ್ಲಿ ವರ್ಷ ವರ್ಷದ ಬಿಪಿ, ಸಕ್ಕರೆ, ತೂಕ. ಹೋಸ್ ಒಣಗಲು ಹಾಕಿ ಟೀಗೆ ಕೂತಾಗ ಎರಡು ನಿಮಿಷದಲ್ಲಿ ಬರೆದು ಮುಗಿಯುತ್ತದೆ. ಪುಸ್ತಕ ಮಾತ್ರ ಠಾಣೆಯ ಬೀರುವಿನಲ್ಲಿ ಬೇಡ, ಮನೆಯಲ್ಲಿ ವಿಮೆಯ ಕಾಗದದ ಜತೆಗಿರಲಿ. ವರ್ಗಾವಣೆಯಾದಾಗ ಗಾಡಿಯ ಲಾಗ್‌ಬುಕ್ ಗಾಡಿಯ ಜತೆ ಉಳಿಯುತ್ತದೆ, ಇದು ನಿಮ್ಮ ಜತೆ ಬರಬೇಕು.