ಕಾರಿನ ಮ್ಯಾಪ್ ಡಿಸ್ಕ್ ಓದುತ್ತಿಲ್ಲವೇ? ಸೆಟ್ ಬದಲಿಸುವ ಮುನ್ನ ಇಷ್ಟು ನೋಡಿ

ಚಿಕ್ಕಮಗಳೂರು: ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಹಳೇ ದುಬಾರಿ ಕಾರು. ಎಂಜಿನ್ ಚೆನ್ನಾಗಿದೆ, ಎ.ಸಿ. ಚೆನ್ನಾಗಿದೆ. ಆದರೆ ನ್ಯಾವಿಗೇಷನ್ ಬಟನ್ ಒತ್ತಿದರೆ ಮಾತ್ರ ‘ಡಿಸ್ಕ್ ಓದಲಾಗುತ್ತಿಲ್ಲ’ ಎಂಬ ಸಂದೇಶ. ಅಂಗಡಿಗೆ ಹೋದರೆ ‘ಸೆಟ್ಟೇ ಹೋಗಿದೆ, ಹೊಸದು ಹಾಕಿಸಿ’ ಅಂದುಬಿಡಬಹುದು. ಸಾವಿರಾರು ರೂಪಾಯಿ ಕೊಡುವ ಮೊದಲು ತಿಳಿಯಬೇಕಾದ್ದು ಒಂದೇ: ಕೆಟ್ಟಿರುವುದು ಡಿಸ್ಕೋ, ಅದನ್ನು ಓದುವ ಲೆನ್ಸೋ, ಅಥವಾ ಎರಡೂ ಸರಿಯಿದ್ದು ಒಂದಕ್ಕೊಂದು ಹೊಂದುತ್ತಿಲ್ಲವೋ?

2000ರ ದಶಕದ ಅನೇಕ ಕಾರುಗಳಲ್ಲಿ ಮ್ಯಾಪ್ ಇರುವುದು ಡಿವಿಡಿಯಲ್ಲಿ. ಉಪಗ್ರಹದ ಸಿಗ್ನಲ್‌ನಿಂದ ಕಾರು ಎಲ್ಲಿದೆ ಅಂತ ಮಾತ್ರ ಗೊತ್ತಾಗುತ್ತದೆ. ರಸ್ತೆ, ಊರಿನ ಹೆಸರು ಎಲ್ಲ ಬರುವುದು ಡಿಸ್ಕ್‌ನಿಂದಲೇ. ಹಾಗಾಗಿ ಆಂಟೆನಾ ಬದಲಿಸಿದರೆ ಈ ಸಂದೇಶ ಹೋಗುವುದಿಲ್ಲ.

ಮೊದಲು ಡಿಸ್ಕ್ ನೋಡಿ

ಕೆಲವು ಕಾರುಗಳಲ್ಲಿ ಮ್ಯಾಪ್ ಡ್ರೈವ್ ಡ್ಯಾಶ್‌ಬೋರ್ಡ್‌ನಲ್ಲಿ ಇರುವುದೇ ಇಲ್ಲ; ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇರುತ್ತದೆ. ಹಿಂದಿನ ಮಾಲೀಕರು ಡಿಸ್ಕನ್ನೇ ತೆಗೆದಿಟ್ಟುಕೊಂಡಿರಬಹುದು. ಡಿಸ್ಕ್ ಇದ್ದರೆ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಧೂಳು, ಬೆರಳಿನ ಗುರುತು ಇದ್ದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತ ತಿರುಗಿಸಿ ಉಜ್ಜಬಾರದು. ಡಿಸ್ಕ್‌ನಲ್ಲಿ ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಅಡ್ಡ ಬಿದ್ದ ಗೀರನ್ನು ಯಂತ್ರ ಹೇಗೋ ಸರಿದೂಗಿಸುತ್ತದೆ, ಸುರುಳಿಯ ಉದ್ದಕ್ಕೂ ಬಿದ್ದ ಗೀರನ್ನು ದಾಟುವುದು ಕಷ್ಟ. ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬೇಡಿ.

ಮಳೆಗಾಲದಲ್ಲಿ ಇನ್ನೊಂದು ಕಾಟ. ತಣ್ಣಗಿರುವ ಲೆನ್ಸ್ ಮೇಲೆ ತೇವ ಕೂತರೂ ಡಿಸ್ಕ್ ಓದುವುದಿಲ್ಲ. ಡಿಸ್ಕ್ ತೆಗೆದು ಒಂದು ಗಂಟೆ ಬಿಟ್ಟು ಮತ್ತೆ ಹಾಕಿ ನೋಡಿ. ಬಿಸಿಲಲ್ಲಿ ನಿಂತು ಕಾದ ಕಾರಿನಲ್ಲೂ ಇದೇ ತೊಂದರೆ ಬರಬಹುದು. ತಣ್ಣಗಾಗಲು ಬಿಡಿ.

ಲೆನ್ಸ್ ಸೋತಿದೆಯಾ?

ಸಿಡಿ ಮತ್ತು ಡಿವಿಡಿ ಎರಡನ್ನೂ ಓದುವ ಸೆಟ್ ಆಗಿದ್ದರೆ ಹಾಡಿನ ಸಿಡಿ ಹಾಕಿ. ಸಿಡಿ ಹಾಡುತ್ತದೆ, ಮ್ಯಾಪ್ ಮಾತ್ರ ಬರಲ್ಲ ಅಂದರೆ ಸೆಟ್ ಸರಿಯಿದೆ ಅಂತ ತೀರ್ಮಾನಿಸಬೇಡಿ. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650 ನ್ಯಾನೋಮೀಟರ್ ಬೆಳಕು ಬೇಕು. ಒಂದು ಕೆಲಸ ಮಾಡುತ್ತಾ ಇನ್ನೊಂದು ಸೋತಿರಬಹುದು. ಎರಡು ಪದರದ 8.5 ಜಿಬಿ ಡಿವಿಡಿಯಾದರೆ ಸೋತ ಲೇಸರ್‌ಗೆ ಇನ್ನೂ ಕಷ್ಟ.

ಖಚಿತ ಪರೀಕ್ಷೆ ಎಂದರೆ ಅದೇ ಮಾಡೆಲ್‌ನ ಬೇರೆ ಕಾರಿನಿಂದ ಡಿಸ್ಕ್ ತಂದು ಹಾಕುವುದು. ಅದು ಓದಿದರೆ ನಿಮ್ಮ ಡಿಸ್ಕ್ ಹೋಗಿದೆ. ಅದೂ ಓದದಿದ್ದರೆ ಡ್ರೈವ್ ರಿಪೇರಿಗೆ ಕೊಡಿ. ಮನೆಯಲ್ಲೇ ಸೆಟ್ ಬಿಚ್ಚಿ ಲೇಸರ್ ಕಡೆ ಇಣುಕುವುದು ಕಣ್ಣಿಗೆ ಅಪಾಯ. ಸಿಕ್ಕಿಕೊಂಡ ಡಿಸ್ಕನ್ನು ಸ್ಕ್ರೂಡ್ರೈವರ್‌ನಿಂದ ಮೀಟಲೂಬಾರದು.

ಕಾಪಿ ಡಿಸ್ಕ್ ಕೈಕೊಡುತ್ತದೆ

ಕಂಪ್ಯೂಟರ್‌ನಲ್ಲಿ ಬರೆದ ಡಿವಿಡಿ ಕಂಪನಿ ಡಿಸ್ಕ್‌ನಷ್ಟು ಚೆನ್ನಾಗಿ ಬೆಳಕನ್ನು ಹಿಂತಿರುಗಿಸುವುದಿಲ್ಲ. ಹಳೇ ಡ್ರೈವ್‌ಗಳು ಇದನ್ನು ಓದದೇ ಇರಬಹುದು. ಅಸಲಿ ಡಿಸ್ಕೇ ಆದರೂ ಬೇರೆ ದೇಶದ್ದೋ ಬೇರೆ ವರ್ಷನ್‌ನ ಸೆಟ್‌ಗೆ ಮಾಡಿದ್ದೋ ಆಗಿದ್ದರೆ ನಡೆಯಲ್ಲ. ಕೊಳ್ಳುವ ಮುನ್ನ ಹಳೇ ಡಿಸ್ಕ್ ಮೇಲಿನ ಪಾರ್ಟ್ ನಂಬರ್ ಹೋಲಿಸಿ ನೋಡಿ.

ಇಷ್ಟೆಲ್ಲ ಆಗಿ ಡಿಸ್ಕ್ ಓದಿತು ಅಂತಿಟ್ಟುಕೊಳ್ಳಿ. ಅದರಲ್ಲಿರುವುದು ಅಚ್ಚಾದ ವರ್ಷದ ರಸ್ತೆಗಳು ಮಾತ್ರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತು ವರ್ಷ ಹಳೆಯ ಡಿಸ್ಕ್‌ಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಒರೆಸಿ ಸರಿಹೋದರೆ ಸಂತೋಷ. ದೊಡ್ಡ ಖರ್ಚು ಬರುವುದಾದರೆ ಯೋಚಿಸಿ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಬೇಕಾದರೆ, ಹೊರಡುವ ಮುನ್ನ ಮನೆಯಲ್ಲೇ ಮೊಬೈಲ್‌ಗೆ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಸಾಕು. ಅದಕ್ಕೆ ದುಡ್ಡೂ ಕೊಡಬೇಕಿಲ್ಲ.