ನಿಮಗಿದು ಗೊತ್ತೇ? ಜಗ್ಗುವ ಕಣದಲ್ಲಿ ಲಿಫ್ಟ್‌ಗೆ ಕೆಲಸವಿಲ್ಲ!

* ಟ್ರ್ಯಾಕ್ಟರ್ ಜಗ್ಗುವ ಪಂದ್ಯ ಇಂದು ನಿನ್ನೆಯದಲ್ಲ. ಅಮೆರಿಕದ ಮಿಸೌರಿ, ಓಹಾಯೊ ರಾಜ್ಯಗಳಲ್ಲಿ 1929ರಲ್ಲೇ ನಡೆದಿತ್ತು. ಎಂಟು ರಾಜ್ಯಗಳವರು ಕೂಡಿ ಸಂಘ ಕಟ್ಟಿ, ಎಲ್ಲೆಡೆ ಒಂದೇ ನಿಯಮ ತರಲು ಹೊರಟಿದ್ದು 1969ರಲ್ಲಿ.

* ಹಿಂದೆ ಭಾರ ಏರಿಸಲು ಮನುಷ್ಯರೇ ಬೇಕಿತ್ತು! ಕಣದುದ್ದಕ್ಕೂ ಸಾಲಾಗಿ ನಿಂತವರು, ಬಂಡಿ ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಮೇಲೇರುತ್ತಿದ್ದರು.

* ಈಗ ಆ ಕೆಲಸ ‘ಸ್ಲೆಡ್’ ಎಂಬ ಬಂಡಿಯದು. ಹೊರಡುವಾಗ ತೂಕದ ಪೆಟ್ಟಿಗೆ ಅದರ ಹಿಂದಿನ ಗಾಲಿಗಳ ಮೇಲಿರುತ್ತದೆ. ಎಳೆದಂತೆಲ್ಲ ಪೆಟ್ಟಿಗೆ ಮುಂದೆ ಸರಿಯುತ್ತದೆ, ಮುಂಭಾಗದ ಉಕ್ಕಿನ ಹಲಗೆ ಮಣ್ಣಿಗೆ ಒತ್ತಿಕೊಳ್ಳುತ್ತದೆ. ಸುಮಾರು 300 ಅಡಿ ದಾಟಿದರೆ ‘ಫುಲ್ ಪುಲ್’.

* ಹೊಲದಲ್ಲಿ ಟ್ರ್ಯಾಕ್ಟರ್‌ನ ಹಿಡಿತ ಹೆಚ್ಚಿಸಿದ್ದೇ ಹೈಡ್ರಾಲಿಕ್. ಐರ್ಲೆಂಡಿನ ಹ್ಯಾರಿ ಫರ್ಗೂಸನ್ ರೂಪಿಸಿದ ಏರ್ಪಾಟಿನಲ್ಲಿ, ನೇಗಿಲಿಗೆ ಗಟ್ಟಿ ನೆಲ ಸಿಕ್ಕರೆ ಅದನ್ನು ಮೇಲ್ಗಡೆ ಜೋಡಿಸುವ ಸರಳು ‘ಟಾಪ್ ಲಿಂಕ್’ ಒತ್ತಿ ಸುಳಿವು ಕೊಡುತ್ತದೆ. ನೇಗಿಲನ್ನು ಎತ್ತುವ ಹೈಡ್ರಾಲಿಕ್ ಲಿಫ್ಟ್ ತುಸು ಮೇಲೇಳುತ್ತದೆ, ನೇಗಿಲಿನ ಭಾರ ಹಿಂದಿನ ಗಾಲಿಗೆ ಬೀಳುತ್ತದೆ. 1939ರ ಫೋರ್ಡ್ 9ಎನ್ ಇದರಿಂದಲೇ ಮನೆಮಾತಾಯಿತು. ನಮ್ಮೂರ ‘ಮ್ಯಾಸಿ’ಯ ಪೂರ್ತಿ ಹೆಸರಿನಲ್ಲಿರುವ ಫರ್ಗೂಸನ್ ಇವನೇ.

* ಪಂದ್ಯದವರು ಮಾಡುವುದು ತದ್ವಿರುದ್ಧ. ಲಿಫ್ಟ್‌ನ ತೋಳುಗಳನ್ನು ಬಿಚ್ಚುತ್ತಾರೆ. ನಿಯಮ ಒಪ್ಪಿದರೆ ಹೈಡ್ರಾಲಿಕ್ ಪಂಪನ್ನೂ ತೆಗೆಯುತ್ತಾರೆ, ಏಕೆಂದರೆ ಸುಮ್ಮನೆ ತಿರುಗುವ ಪಂಪೂ ಎಂಜಿನ್ನಿನ ಶಕ್ತಿ ತಿನ್ನುತ್ತದೆ. ಉಳಿಸಿದ ತೂಕವನ್ನು ಕಬ್ಬಿಣದ ತುಂಡುಗಳಾಗಿ ಮೂತಿಯ ಮುಂದೆ ನೇತುಹಾಕುತ್ತಾರೆ. ಆದರೆ ಪವರ್ ಸ್ಟೀರಿಂಗ್ ಅದೇ ಪಂಪಿನ ಎಣ್ಣೆ ಕುಡಿಯುತ್ತಿದ್ದರೆ ಈ ಆಟ ನಡೆಯದು!

* ಲಿಫ್ಟ್‌ನಿಂದಲೇ ಸ್ಲೆಡ್ ಕಟ್ಟಿದ ಕೊಂಡಿ ಎತ್ತುತ್ತ ಜಗ್ಗಿದರೆ? ನಿಷಿದ್ಧ. ಕೊಂಡಿ ಅತ್ತಿತ್ತ ಅಲುಗದಂತೆ ಬಿಗಿಯಾಗಿರಬೇಕು. ಹಲವು ವಿಭಾಗಗಳಲ್ಲಿ ಎತ್ತರದ ಮಿತಿ 20 ಅಂಗುಲ. ಕೊಂಡಿ ಏರಿದಷ್ಟೂ ಮುಂದಿನ ಭಾರ ಹಿಂದಕ್ಕೆ ಬಂದು ಹಿಡಿತ ಹೆಚ್ಚುತ್ತದೆ ನಿಜ, ಮೂತಿಯೂ ಆಕಾಶ ನೋಡುತ್ತದೆ. ಹಿಂದಕ್ಕೆ ಮಗುಚದಂತೆ ತಡೆಯುವ ಉಕ್ಕಿನ ಕಂಬಿಗಳು ಇದೇ ಕಾರಣಕ್ಕೆ ಕಡ್ಡಾಯ.

* ಲಿಫ್ಟ್‌ನ ಎಣ್ಣೆಯ ಒತ್ತಡ ಮಿತಿಮೀರದಂತೆ ಕಾಯುವ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಹಿಂದೆ ವಾಷರ್ ಸೇರಿಸಿ ‘ಪವರ್ ಏರಿಸಿದೆ’ ಎನ್ನುವ ಮೇಸ್ತ್ರಿಗಳಿದ್ದಾರೆ. ಏರುವುದು ಎಣ್ಣೆಯ ಒತ್ತಡ, ಅಂದರೆ ಎತ್ತುವ ಬಲ. ಎತ್ತುವ ವೇಗ ಕೂಡ ಹೆಚ್ಚದು, ಅದು ಪಂಪು ತಳ್ಳುವ ಎಣ್ಣೆಯ ಪ್ರಮಾಣಕ್ಕೆ ಬಿಟ್ಟದ್ದು. ಜಗ್ಗುವ ಬಲವಂತೂ ಕೂದಲೆಳೆಯಷ್ಟೂ ಹೆಚ್ಚದು. ಪೈಪು ಒಡೆಯುವ ಅಪಾಯ ಮಾತ್ರ ಗ್ಯಾರಂಟಿ.

* ಪೈಪಿನ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗಬಲ್ಲದು. ಸೋರಿಕೆ ಹುಡುಕಲು ಬೆರಳಲ್ಲ, ರಟ್ಟಿನ ತುಂಡು ಹಿಡಿಯಿರಿ. ಒಳಹೊಕ್ಕಿದ್ದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಓಡಿ.

* ಕೆಸರಲ್ಲಿ ಹೂತ ಕಬ್ಬಿನ ಟ್ರಾಲಿ ಎಳೆಯುವಾಗಲೂ ಕೊಂಡಿಯ ಎತ್ತರದ ಲೆಕ್ಕ ಅದೇ. ಸರಪಳಿಯನ್ನು ಟಾಪ್ ಲಿಂಕ್‌ಗೋ ಆಕ್ಸೆಲ್‌ಗೋ ಬಿಗಿದರೆ ಟ್ರ್ಯಾಕ್ಟರ್ ಕಣ್ಮುಚ್ಚಿ ತೆರೆಯುವುದರೊಳಗೆ ಹಿಂದಕ್ಕೆ ಮಗುಚಬಹುದು. ಕೆಳಗಿನ ಡ್ರಾಬಾರ್‌ಗಷ್ಟೇ ಬಿಗಿಯಿರಿ.